ಪೂರ್ತಿ ಒಳ್ಳೆಯವರಾಗಬೇಕಿಲ್ಲ

1950ರ ದಶಕದಲ್ಲಿ ಲಂಡನ್ನಿನ ಮಾನಸಿಕ ಆಸ್ಪತ್ರೆಗಳಿಗೆ ಒಂದು ಒಗಟು ಎದುರಾಯಿತು. ಕ್ಲೋರ್‌ಪ್ರೋಮಜಿನ್ ಎಂಬ ಹೊಸ ಔಷಧ ಬಳಕೆಗೆ ಬಂದಿತ್ತು. ವರ್ಷಗಟ್ಟಲೆ ವಾರ್ಡಿನಲ್ಲೇ ಉಳಿದಿದ್ದ ಸ್ಕಿಜೋಫ್ರೇನಿಯಾ ರೋಗಿಗಳು ಮನೆಗೆ ಕಳಿಸುವಷ್ಟು ಚೇತರಿಸಿಕೊಳ್ಳುತ್ತಿದ್ದರು. ಆದರೆ ಹಾಗೆ ಹೋದವರಲ್ಲಿ ಹಲವರು ಕೆಲವೇ ತಿಂಗಳಲ್ಲಿ ಮತ್ತೆ ದಾಖಲಾಗುತ್ತಿದ್ದರು. ಯಾರು ಮರಳಿ ಬರುತ್ತಾರೆ, ಯಾರು ಹೊರಗೆ ನೆಲೆಯೂರುತ್ತಾರೆ ಎಂಬುದರ ಬೆನ್ನುಹತ್ತಿದವರು ಜಾರ್ಜ್ ಬ್ರೌನ್ ಎಂಬ ತರುಣ ಸಮಾಜಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು. ಬಿಡುಗಡೆಯಾದ 229 ಗಂಡಸರ ಸ್ಥಿತಿಗತಿ ನೋಡಿ 1958ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಎಲ್ಲರ ಎಣಿಕೆಯನ್ನೂ ತಲೆಕೆಳಗು ಮಾಡಿತು. ಬಾಡಿಗೆ ಕೋಣೆಗೆ ಹೋದವರು, ಅಣ್ಣತಮ್ಮ ಅಕ್ಕತಂಗಿಯರ ಮನೆ ಸೇರಿದವರು ಒಂದು ಮಟ್ಟಿಗೆ ಚೆನ್ನಾಗಿದ್ದರು. ಹೆತ್ತವರ ಬಳಿಗೋ ಹೆಂಡತಿಯ ಬಳಿಗೋ ಹಿಂದಿರುಗಿದವರೇ ಹೆಚ್ಚಾಗಿ ಕುಸಿದಿದ್ದರು. ಯಾರ ಪ್ರೀತಿ ಅತಿ ಹೆಚ್ಚೆಂದು ಲೋಕ ನಂಬಿದೆಯೋ ಅವರ ಮನೆಯಲ್ಲೇ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದರೆ ಏನರ್ಥ? ಕಷ್ಟದ ಸಂಬಂಧವೊಂದನ್ನು ನಿಭಾಯಿಸುತ್ತಿರುವ ಯಾರೇ ಆದರೂ ಈ ಪ್ರಶ್ನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಮನೆಯಲ್ಲಿ ಮಾನಸಿಕ ಕಾಯಿಲೆ ಇಲ್ಲದಿದ್ದರೂ.

ಬ್ರೌನ್ ಮತ್ತು ಸಂಗಡಿಗರು ಮುಂದಿನ ಹದಿನೈದು ವರ್ಷ ಇದನ್ನೇ ಅಗೆದರು. ರೋಗಿಯ ಜತೆ ಬಾಳುವವರನ್ನು ಪ್ರತ್ಯೇಕವಾಗಿ ಕೂರಿಸಿ, ಕಳೆದ ಕೆಲವು ತಿಂಗಳು ಮನೆಯಲ್ಲಿ ಹೇಗೆ ನಡೆಯಿತೆಂದು ಕೇಳುವುದು, ಮಾತನ್ನು ಧ್ವನಿಮುದ್ರಿಸಿಕೊಳ್ಳುವುದು, ಆಮೇಲೆ ಅದನ್ನು ಕೇಳಿ ಅಂಕ ಕೊಡುವುದು: ಇದು ಅವರ ವಿಧಾನ. ಏನು ಹೇಳಿದರು ಎಂಬುದರಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿ, ಯಾವ ದನಿಯಲ್ಲಿ ಹೇಳಿದರು ಎಂಬುದು ಲೆಕ್ಕಕ್ಕೆ ಬರುತ್ತಿತ್ತು. ‘ಬೆಳಿಗ್ಗೆ ಹತ್ತು ಗಂಟೆಯಾದರೂ ಏಳುವುದಿಲ್ಲ’ ಎಂಬ ಮಾತು ಬರೀ ಸುದ್ದಿಯಾಗಿರಬಹುದು, ಮುಳ್ಳೂ ಆಗಿರಬಹುದು; ಅದು ಯಾವುದೆಂದು ಕಿವಿಗೆ ಗೊತ್ತಾಗುತ್ತದೆ. ಈ ಅಳತೆಗೆ ‘ವ್ಯಕ್ತ ಭಾವ’ ಎಂಬಂಥ ಹೆಸರು ಬಿತ್ತು. ಹೆಸರು ಅಷ್ಟೇನೂ ಚೆನ್ನಾಗಿಲ್ಲ, ಏಕೆಂದರೆ ಎಲ್ಲ ಭಾವಗಳನ್ನೂ ಅದು ದೂರುವುದಿಲ್ಲ. ಅದು ಅಪಾಯವೆಂದು ಎಣಿಸುವುದು ಮೂರನ್ನೇ. ಒಂದು, ರೋಗಿಯ ನಡವಳಿಕೆಯ ಬಗ್ಗೆ ಮೇಲಿಂದ ಮೇಲೆ ಆಕ್ಷೇಪ. ಇನ್ನೊಂದು, ಆ ಮನುಷ್ಯನನ್ನೇ ತಿರಸ್ಕರಿಸುವ ಹಗೆ. ಮೂರನೆಯದು ನಮ್ಮಲ್ಲಿ ಯಾರೂ ದೋಷವೆಂದು ಎಣಿಸದ ಸಂಗತಿ: ಅತಿಯಾದ ತೊಡಗಿಕೊಳ್ಳುವಿಕೆ. ಮಗನಿಗಾಗಿ ತನ್ನದೆಲ್ಲವನ್ನೂ ಬಿಟ್ಟುಕೊಟ್ಟ ತಾಯಿ, ಮೂವತ್ತು ದಾಟಿದವನಿಗೆ ಕಲಸಿ ತಿನ್ನಿಸುವ ತಾಯಿ, ಅವನನ್ನು ಒಂದು ಗಳಿಗೆ ಕಣ್ಮರೆಯಾಗಲು ಬಿಡದ, ಅವನ ಮಾತು ಎತ್ತಿದರೆ ಅಳು ತಡೆಯಲಾಗದ ತಾಯಿ. ನಮ್ಮ ಊರಿನಲ್ಲಾದರೆ ಇಂಥವರನ್ನು ಮಹಾತಾಯಿ ಎನ್ನುತ್ತೇವೆ.

ಅಂಕಿ ಸಂಖ್ಯೆಗಳು ಸ್ಪಷ್ಟವಾಗಿದ್ದವು. 1972ರಲ್ಲಿ ಬ್ರೌನ್, ಬರ್ಲಿ ಮತ್ತು ವಿಂಗ್ ಪ್ರಕಟಿಸಿದ ಅಧ್ಯಯನದಲ್ಲಿ 101 ರೋಗಿಗಳಿದ್ದರು. ಇಂಥ ಭಾವಗಳ ಒತ್ತಡ ಹೆಚ್ಚಿದ್ದ ಮನೆಗಳಿಗೆ ಮರಳಿದವರಲ್ಲಿ ಶೇ 58 ಮಂದಿಗೆ ಒಂಬತ್ತು ತಿಂಗಳೊಳಗೆ ಕಾಯಿಲೆ ಮರುಕಳಿಸಿತು. ಒತ್ತಡ ಕಡಿಮೆ ಇದ್ದ ಮನೆಗಳಲ್ಲಿ ಶೇ 16 ಮಂದಿಗೆ. ನಾಲ್ಕು ವರ್ಷದ ಬಳಿಕ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಇದೇ ಕೆಲಸವನ್ನು ಇನ್ನೊಂದು ಸಣ್ಣ ಗುಂಪಿನಲ್ಲಿ ಮಾಡಿ ಹೆಚ್ಚುಕಡಿಮೆ ಅದೇ ಫಲ ಪಡೆದರು. ಎರಡೂ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಮತ್ತೊಂದು ಅಂಶ ಹೊರಬಿತ್ತು. ಒತ್ತಡ ಹೆಚ್ಚಿದ್ದ ಮನೆಯಲ್ಲೇ ಇದ್ದು, ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಮನೆಯವರ ಮುಖಾಮುಖಿಯಲ್ಲಿ ಕಳೆಯುತ್ತ, ಔಷಧವನ್ನೂ ತೆಗೆದುಕೊಳ್ಳದಿದ್ದವರಲ್ಲಿ ಶೇ 92 ಮಂದಿ ಕುಸಿದರು. ಅಂಥದೇ ಮನೆಯಲ್ಲಿದ್ದರೂ ಔಷಧ ತಪ್ಪಿಸದೆ, ಮುಖಾಮುಖಿ 35 ಗಂಟೆಯೊಳಗೆ ಉಳಿದವರಲ್ಲಿ ಆ ಪ್ರಮಾಣ ಶೇ 15. ಅಂದರೆ ಮನೆಯವರ ಸ್ವಭಾವ ಹಾಗೇ ಇದ್ದರೂ, ಔಷಧ ತಪ್ಪದೆ ನಡೆದು, ಅವರು ದಿನದಲ್ಲಿ ಒಂದಷ್ಟು ಹೊತ್ತು ಬೇರೆ ಕೆಲಸಕ್ಕೆ ಹೋಗಿಬಂದರೆ, ರೋಗಿಗೆ ತನ್ನ ಪಾಡಿಗೆ ತಾನಿರಲು ಆಸ್ಪದ ಸಿಕ್ಕರೆ, ಅಪಾಯ ಎಷ್ಟೋ ಇಳಿಯುತ್ತಿತ್ತು. ಪ್ರೀತಿಪಾತ್ರರ ಬಳಿಯಿಂದ ಕೆಲವು ಗಂಟೆ ದೂರವಿರುವುದನ್ನು ಕರ್ತವ್ಯಲೋಪವೆಂದು ತಿಳಿದವರಿಗೆ ಈ ಅಂಕಿಗಳಲ್ಲಿ ದೊಡ್ಡ ಬಿಡುಗಡೆ ಇದೆ.

ಆಕ್ಷೇಪಿಸುವ ತಂದೆ, ತ್ಯಾಗಮಯಿ ತಾಯಿ ಇಬ್ಬರೂ ಒಂದೇ ಪಟ್ಟಿಯಲ್ಲಿ ಸೇರಿದ್ದು ಹೇಗೆ? ಇಬ್ಬರ ಒಳಗೂ ಒಂದು ಆದರ್ಶ ಚಿತ್ರ ಬಿಗಿಯಾಗಿ ಕೂತಿದೆ ಎಂಬುದು ನನ್ನ ತರ್ಕ. ತಂದೆಯ ಮನಸ್ಸಿನಲ್ಲಿರುವುದು ಮಗ ಹೇಗಿರಬೇಕು ಎಂಬ ಚಿತ್ರ: ಹೊತ್ತಿಗೆ ಸರಿಯಾಗಿ ಏಳಬೇಕು, ಸ್ನಾನ ಮಾಡಬೇಕು, ನಾಲ್ಕು ಜನರೊಡನೆ ಬೆರೆಯಬೇಕು, ಬಿಟ್ಟ ಕೆಲಸಕ್ಕೆ ಮರಳಿ ಸೇರಬೇಕು. ತಾಯಿಯ ಮನಸ್ಸಿನಲ್ಲಿರುವುದು ತಾನು ಹೇಗಿರಬೇಕು ಎಂಬ ಚಿತ್ರ: ಬೇಸರಿಸಬಾರದು, ದಣಿಯಬಾರದು, ಬಿಟ್ಟು ಎಲ್ಲಿಗೂ ಹೋಗಬಾರದು. ಎರಡೂ ಚಿತ್ರಗಳು ಕಾಯಿಲೆಯ ಎದುರು ದಿನಕ್ಕೆ ಹತ್ತು ಸಲ ಒಡೆಯುತ್ತವೆ. ಒಡೆದಾಗಲೆಲ್ಲ ಒಬ್ಬರು ಸಿಡುಕುತ್ತಾರೆ, ಇನ್ನೊಬ್ಬರು ಮತ್ತಷ್ಟು ಅಂಟಿಕೊಳ್ಳುತ್ತಾರೆ. ಎಲ್ಲೋ ಯಾರೋ ಮಾತಾಡುವುದು ಕೇಳಿಸುತ್ತಿರುವ, ಸುತ್ತಲ ಸದ್ದುಗದ್ದಲಕ್ಕೇ ಬೇಗ ತಲೆ ಕಾಯುವ ಮನುಷ್ಯನ ಮೇಲೆ ಈ ಎರಡರ ಭಾರವೂ ಬೀಳುತ್ತದೆ. ಒತ್ತಡ ಕಡಿಮೆ ಇದ್ದ ಮನೆಗಳಲ್ಲಿ ಸಂತರೇನೂ ಇರಲಿಲ್ಲ. ಅಲ್ಲಿಯೂ ಜನ ರೇಗುತ್ತಿದ್ದರು. ನಿಖರವಾಗಿ ಹೇಳುವುದಾದರೆ, ವಾನ್ ಮತ್ತು ಲೆಫ್ ಇಟ್ಟ ಗೆರೆಯ ಪ್ರಕಾರ, ಆಕ್ಷೇಪದ ಮಟ್ಟಿಗೆ, ಇಡೀ ಸಂದರ್ಶನದಲ್ಲಿ ಆರು ಬಂದರೆ ಮಾತ್ರ ‘ಹೆಚ್ಚು’. ಐದರವರೆಗೆ ಪರವಾಗಿಲ್ಲ! ಈ ವಿನಾಯಿತಿಯನ್ನು ನಾನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ಸಂಶೋಧಕರು ಹುಡುಕಿದ್ದು ಸಿಟ್ಟೇ ಬಾರದ ಮನೆಯನ್ನಲ್ಲ. ಸಿಟ್ಟು ಬಂದು ಹೋಗಲು ಜಾಗವಿರುವ ಮನೆಯನ್ನು.

ಆಕ್ಷೇಪ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನೂ ಮುಂದಿನ ಅಧ್ಯಯನಗಳು ಕೆದಕಿವೆ. ಕಿವಿಯಲ್ಲಿ ದನಿ ಕೇಳುತ್ತದೆ ಎನ್ನುವುದನ್ನೋ, ಪಕ್ಕದ ಮನೆಯವರು ವಿಷ ಹಾಕುತ್ತಾರೆ ಎಂಬ ಭ್ರಮೆಯನ್ನೋ ಮನೆಯವರು ಅಷ್ಟಾಗಿ ದೂರುವುದಿಲ್ಲ; ಅದು ಕಾಯಿಲೆ ಎಂದು ಕಣ್ಣಿಗೆ ಕಾಣುತ್ತದೆ. ಅವರನ್ನು ಕೆರಳಿಸುವುದು ಕಾಯಿಲೆಯ ಇನ್ನೊಂದು ಮುಖ: ಹಾಸಿಗೆ ಬಿಟ್ಟು ಏಳದಿರುವುದು, ಬಟ್ಟೆ ಬದಲಿಸದಿರುವುದು, ಕೇಳಿದ್ದಕ್ಕೆ ಉತ್ತರ ಕೊಡದಿರುವುದು. ಇವೂ ಸ್ಕಿಜೋಫ್ರೇನಿಯಾದ ಲಕ್ಷಣಗಳೇ. ಆದರೆ ನೋಡುವವರಿಗೆ ಸೋಮಾರಿತನ, ಮೊಂಡುತನ, ‘ಬೇಕಂತಲೇ ಮಾಡ್ತಾನೆ’ ಎಂದು ಕಾಣುತ್ತವೆ. ಮನಸ್ಸು ಮಾಡಿದರೆ ಸರಿಹೋಗಬಲ್ಲ ಎಂದು ನಂಬಿದವರೇ ಹೆಚ್ಚು ಆಕ್ಷೇಪಿಸುತ್ತಾರೆ ಎಂಬುದು ಹಲವು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಇಲ್ಲಿ ಒಂದು ಅಡ್ಡಮಾತು. ನಮ್ಮ ಹಳ್ಳಿಗಳಲ್ಲಿ ಗ್ರಹಚಾರ, ಗಾಳಿ ಸೋಕಿದ್ದು, ಯಾರೋ ಮಾಡಿಸಿದ್ದು ಎಂದೆಲ್ಲ ಹೇಳುವ ರೂಢಿಯಿದೆಯಲ್ಲ, ಅದು ಚಿಕಿತ್ಸೆಯನ್ನು ತಡಮಾಡಿ ಅಪಾರ ಹಾನಿ ಮಾಡಿದೆ, ನಿಜ. ಆದರೆ ತಪ್ಪು ರೋಗಿಯದಲ್ಲ ಎಂಬ ಭಾವನೆಯೂ ಅದರೊಳಗೆ ಅಡಗಿದೆ. ಮಾಟವನ್ನು ನಂಬುವುದನ್ನು ಬಿಟ್ಟ ವಿದ್ಯಾವಂತ ಮನೆ ಆ ಜಾಗಕ್ಕೆ ಕಾಯಿಲೆಯ ತಿಳಿವಳಿಕೆಯನ್ನು ತಂದುಕೊಳ್ಳದೆ ಹೋದರೆ, ಉಳಿಯುವುದು ‘ಇವನಿಗೆ ಇಚ್ಛಾಶಕ್ತಿ ಇಲ್ಲ’ ಎಂಬ ತೀರ್ಪೊಂದೇ.

ಭಾರತದ ಮಾತು ಬಂದದ್ದರಿಂದ ಚಂಡೀಗಡದ ಅಧ್ಯಯನವನ್ನು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಯೋಜನೆಯೊಂದರ ಭಾಗವಾಗಿ ಎನ್.ಎನ್. ವಿಗ್ ಮತ್ತು ಲೆಫ್ ಮೊದಲಾದವರು ಅಲ್ಲಿನ ಕುಟುಂಬಗಳನ್ನು ಅಳೆದು 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಲಂಡನ್ನಿನಲ್ಲಿ ಅರ್ಧದ ಆಸುಪಾಸು ಮನೆಗಳು ‘ಹೆಚ್ಚು’ ಎಂಬ ವರ್ಗಕ್ಕೆ ಬಿದ್ದರೆ, ಚಂಡೀಗಡದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ನಗರಕ್ಕಿಂತ ಹಳ್ಳಿಗಳಲ್ಲಿ ಇನ್ನೂ ಕಡಿಮೆ. ಇದನ್ನು ಓದಿ ನಮ್ಮ ಕೂಡುಕುಟುಂಬವೇ ದಿವ್ಯೌಷಧ ಎಂದು ಬೀಗುವ ಆಸೆ ಯಾರಿಗಾದರೂ ಆದೀತು. ಬೀಗುವಷ್ಟು ಆಧಾರ ಅದರಲ್ಲಿಲ್ಲ. ಎರಡು ವರ್ಷದ ಅವಧಿಗೆ ನೋಡಿದಾಗ ಒಟ್ಟು ಅಂಕ ಮರುಕಳಿಕೆಯನ್ನು ಮುಂಗಾಣಲಿಲ್ಲ; ಮೊದಲ ಸಂದರ್ಶನದಲ್ಲಿ ಕಂಡ ಹಗೆ ಮಾತ್ರ ಮುಂಗಂಡಿತ್ತು. ಅಲ್ಲದೆ ದೊಡ್ಡ ಮನೆಯಲ್ಲಿ ಭಾರ ಹಂಚಿಹೋಗುವುದೇ ರಕ್ಷೆಯಾಗಿದ್ದರೆ, ಗಂಡ, ಹೆಂಡತಿ, ಒಬ್ಬನೇ ಮಗ ಎರಡು ಕೋಣೆಯ ಫ್ಲ್ಯಾಟಿನಲ್ಲಿರುವ ಇವತ್ತಿನ ಬೆಂಗಳೂರಿಗೆ ಆ ರಕ್ಷೆ ಸಿಗುವುದು ಎಲ್ಲಿಂದ? ಚಂಡೀಗಡದ ಪಾಠವೆಂದು ನಾನು ತೆಗೆದುಕೊಳ್ಳುವುದು ಬೇರೆ: ಮನೆಯ ಬಿಗಿ ಎಲ್ಲ ಕಡೆ ಒಂದೇ ಸಮನಾಗಿಲ್ಲ, ಬದಲಾಗದ ಹಣೆಬರಹವೂ ಅಲ್ಲ.

ಹಾಗೆ ನೋಡಿದರೆ ಮನೆಯವರನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವ ಯೋಚನೆ ನಮ್ಮಲ್ಲಿ ಈ ಸಂಶೋಧನೆಯಷ್ಟೇ ಹಳೆಯದು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜತೆ ಅವರ ಮನೆಯವರನ್ನೂ ಇರಿಸಿಕೊಂಡಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಕುಟುಂಬ ಸಮೇತ ದಾಖಲಾತಿಯನ್ನು ಅದೇ ದಶಕದಲ್ಲಿ ಶುರುಮಾಡಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯಕ್ಕೆಂದೇ ಪ್ರತ್ಯೇಕ ವಿಭಾಗ ಬೆಳೆದು ದಶಕಗಳಾದವು. ವೈದ್ಯರ ಕೊರತೆಯಿಂದ ಹುಟ್ಟಿದ ಏರ್ಪಾಡು ಇದೆಂದು ಹೇಳುವವರಿದ್ದಾರೆ. ಒಂದು ಮಟ್ಟಿಗೆ ಹೌದು. ಕೊರತೆಯಿಂದಲೇ ಹುಟ್ಟಿದ್ದಾದರೂ ಅದರಿಂದ ಒಳ್ಳೆಯದೊಂದು ಆಯಿತು. ಮನೆಯವರು ವಾರ್ಡಿನಲ್ಲಿ ಉಳಿದು, ಬೇರೆಯವರ ಮಕ್ಕಳೂ ಹೀಗೇ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಕಣ್ಣಾರೆ ಕಂಡರು.

ಈ ಇಡೀ ಸಂಶೋಧನೆಯ ಬಗ್ಗೆ ತೀಕ್ಷ್ಣವಾದ ಆಕ್ಷೇಪವೊಂದಿದೆ: ಇದು ನಯವಾದ ಮಾತಿನಲ್ಲಿ ಕುಟುಂಬದ ಮೇಲೆ, ಅದರಲ್ಲೂ ತಾಯಂದಿರ ಮೇಲೆ ತಪ್ಪು ಹೊರಿಸುತ್ತದೆ ಎಂಬುದು. ಆಕ್ಷೇಪಕ್ಕೆ ಇತಿಹಾಸದ ಬೆಂಬಲವಿದೆ. 1948ರಲ್ಲಿ ಫ್ರೀಡಾ ಫ್ರೋಮ್-ರೈಖ್‌ಮನ್ ತಾಯಿಯ ಸ್ವಭಾವದಿಂದಲೇ ಮಗುವಿಗೆ ಸ್ಕಿಜೋಫ್ರೇನಿಯಾ ಬರುತ್ತದೆ ಎಂಬ ಅರ್ಥದ ಪದವನ್ನು ಬಳಕೆಗೆ ತಂದರು. ಆಧಾರವಿಲ್ಲದ ಆ ಮಾತಿನಿಂದ ದಶಕಗಳ ಕಾಲ ಸಾವಿರಾರು ತಾಯಂದಿರು ಪಾಪಪ್ರಜ್ಞೆಯಲ್ಲಿ ಬೆಂದರು. ಬ್ರೌನ್ ಅವರ ದಾರಿ ಬೇರೆ. ಕಾಯಿಲೆ ಏಕೆ ಬಂತು ಎಂದು ಅವರು ಕೇಳಲಿಲ್ಲ. ಬಂದ ಕಾಯಿಲೆ ಯಾವ ವಾತಾವರಣದಲ್ಲಿ ಹತೋಟಿಯಲ್ಲಿರುತ್ತದೆ ಎಂದು ಕೇಳಿದರು. ಆಸ್ತಮಾ ಇರುವವರ ಮನೆಯಲ್ಲಿ ದೂಳು ಝಾಡಿಸಬೇಡಿ ಎಂದರೆ ಆಸ್ತಮಾ ಬಂದದ್ದು ನಿಮ್ಮಿಂದ ಎಂದಂತಲ್ಲ. ಆದರೂ, ಕೇಳಿಸಿಕೊಳ್ಳುವವರ ಕಿವಿಗೆ ಈ ವ್ಯತ್ಯಾಸ ತಲುಪುವುದು ಕಷ್ಟ ಎಂಬುದನ್ನು ಒಪ್ಪಲೇಬೇಕು. ದಣಿದ ತಾಯಿಗೆ ‘ನೀವು ಅತಿಯಾಗಿ ಅಂಟಿಕೊಂಡಿದ್ದೀರಿ’ ಎಂದು ಹೇಳುವ ಸಲಹೆಗಾರ, ಅವಳ ಮೇಲೆ ಇನ್ನೊಂದು ಆದರ್ಶವನ್ನು ಹೇರುತ್ತಾನೆ ಅಷ್ಟೇ. ಒಳ್ಳೆಯ ತಾಯಿಯಾಗು ಎಂಬುದರ ಜಾಗಕ್ಕೆ, ಸಡಿಲವಾದ ತಾಯಿಯಾಗು ಎಂಬ ಹೊಸ ಪರೀಕ್ಷೆ.

ಎರಡನೆಯ ತಕರಾರು ತರ್ಕಕ್ಕೆ ಸಂಬಂಧಿಸಿದ್ದು. ಕಾಯಿಲೆ ತೀವ್ರವಾಗಿರುವ ರೋಗಿಯೇ ಮನೆಯವರನ್ನು ಹೆಚ್ಚು ರೇಗಿಸಿರಬಹುದಲ್ಲ? ಹಾಗಾದರೆ ಆಕ್ಷೇಪ ಕಾರಣವಲ್ಲ, ಪರಿಣಾಮ. ಇದರಲ್ಲಿ ನಿಜಾಂಶವಿದೆ, ಸಂಬಂಧ ಎರಡೂ ದಿಕ್ಕಿನಲ್ಲಿ ಓಡುತ್ತದೆ. ಆದರೆ ಮನೆಯ ವಾತಾವರಣವನ್ನು ಬದಲಿಸಿ ನೋಡಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಡುತ್ತವೆ. 1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೆಫ್ ತಂಡ ಅಪಾಯ ಹೆಚ್ಚಿದ್ದ 24 ಕುಟುಂಬಗಳನ್ನು ಆಯ್ದು, ಅರ್ಧಕ್ಕೆ ಮಾಮೂಲಿ ಚಿಕಿತ್ಸೆ, ಅರ್ಧಕ್ಕೆ ಅದರ ಜತೆಗೆ ಕುಟುಂಬದೊಡನೆ ಕೆಲಸ ಎಂದು ಹಂಚಿತು. ಎಲ್ಲ ರೋಗಿಗಳಿಗೂ ಔಷಧವಿತ್ತು. ಒಂಬತ್ತು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ಅರ್ಧದಷ್ಟು ಮಂದಿ ಕುಸಿದರು, ಎರಡನೆಯದರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ನನಗೆ ಹೆಚ್ಚು ಹಿಡಿಸುವುದು ಅವರು ಅನುಸರಿಸಿದ ಉಪಾಯ. ಮನೆಯವರ ಗುಂಪೊಂದನ್ನು ಕಟ್ಟಿ, ಒತ್ತಡ ಹೆಚ್ಚಿದ್ದ ಮನೆಯವರ ಜತೆ ಒತ್ತಡ ಕಡಿಮೆ ಇದ್ದ ಮನೆಯವರನ್ನೂ ಕೂರಿಸಿದರು. ಕಲಿಸುವವರು ಪರಿಣತರೇ ಆಗಿರಬೇಕಿರಲಿಲ್ಲ; ಅಂಥದೇ ಮಗನ ಜತೆ ಬಾಳುತ್ತಿದ್ದ ಇನ್ನೊಬ್ಬ ತಾಯಿಯೂ ಕಲಿಸಬಲ್ಲವಳಾಗಿದ್ದಳು. ಅಧ್ಯಯನ ಚಿಕ್ಕದು ನಿಜ. ಆಮೇಲೆ ಜಗತ್ತಿನ ಹಲವೆಡೆ ನಡೆದ ಇಂಥ 53 ಪ್ರಯೋಗಗಳನ್ನು 2010ರಲ್ಲಿ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ಒಟ್ಟಿಗೆ ತೂಗಿತು: ಕುಟುಂಬದೊಡನೆ ಕೆಲಸ ಮಾಡಿದರೆ ಮರುಕಳಿಕೆ ಕಡಿಮೆಯಾಗುವಂತೆ ಕಾಣುತ್ತದೆ, ಆದರೆ ಹಲವು ಪ್ರಯೋಗಗಳ ಗುಣಮಟ್ಟ ಸಾಧಾರಣವಾದ್ದರಿಂದ ಪರಿಣಾಮ ಇದ್ದದ್ದಕ್ಕಿಂತ ದೊಡ್ಡದಾಗಿ ಕಂಡಿರಲೂಬಹುದು. ಈ ಎಚ್ಚರದೊಂದಿಗೇ ಅದನ್ನು ಸ್ವೀಕರಿಸಬೇಕು.

ಸಡಿಲವಾಗಿರುವುದೆಂದರೆ ಕೈಬಿಡುವುದೇ ಎಂದು ಕೆಲವರು ಕೇಳಬಹುದು. ಅಮೆರಿಕದಲ್ಲಿ ಸ್ಟೀವನ್ ಲೋಪೆಜ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸರಿಯಾದ ಉತ್ತರ. ಅಲ್ಲಿನ ಬಿಳಿಯರ ಕುಟುಂಬಗಳಲ್ಲಿ ಮರುಕಳಿಕೆಯ ಮುನ್ಸೂಚನೆ ಕೊಟ್ಟದ್ದು ಆಕ್ಷೇಪ. ಮೆಕ್ಸಿಕೊ ಮೂಲದ ಕುಟುಂಬಗಳಲ್ಲಿ ಅದನ್ನು ಕೊಟ್ಟದ್ದು ಅಕ್ಕರೆಯ ಕೊರತೆ. ಬೈಯದೆ, ಮಾತೂ ಆಡದೆ, ತಟ್ಟೆ ಇಟ್ಟು ಹೋಗುವ ತಣ್ಣನೆಯ ಮನೆಯೂ ಕಾಪಾಡುವುದಿಲ್ಲ ಎಂದಾಯಿತು. ಕುಟುಂಬವೇ ಬದುಕಿನ ಕೇಂದ್ರವಾಗಿರುವ ಸಮಾಜಗಳಿಗೆ, ಅಂದರೆ ನಮಗೂ, ಈ ಎರಡನೆಯ ಮಾತು ಹೆಚ್ಚು ಹತ್ತಿರದ್ದಿರಬಹುದು. ಹಾಗಾಗಿ ಸಡಿಲು ಎಂದರೆ ದಿನನಿತ್ಯದ ಸಣ್ಣ ಲೆಕ್ಕಾಚಾರ: ಮಾತ್ರೆಯ ವಿಷಯದಲ್ಲಿ ಬಿಗಿ, ಸ್ನಾನದ ವಿಷಯದಲ್ಲಿ ಸಡಿಲ, ಈ ವಾರ ಮದುವೆ ಮನೆಗೆ ಬಾರದಿದ್ದರೆ ಬೇಡ, ಸಂಜೆ ಅಂಗಡಿಯಿಂದ ಹಾಲಿನ ಪ್ಯಾಕೆಟ್ ತಂದರೆ ಸಾಕು, ಇವತ್ತು ನಾನು ಕೂಗಾಡಿದೆ, ನಾಳೆ ಬೆಳಿಗ್ಗೆ ಕಾಫಿ ಕೊಡುವಾಗ ದನಿ ಸರಿಮಾಡಿಕೊಂಡರಾಯಿತು. ಕೂಗಾಡಿದ್ದಕ್ಕೆ ಪ್ರಾಯಶ್ಚಿತ್ತವೆಂದು ಮರುದಿನವಿಡೀ ಅವನ ಬೆನ್ನಿಗೆ ಅಂಟಿಕೊಳ್ಳುವುದು ಬೇಡ.

ಉಳಿದ ಆಕ್ಷೇಪಕ್ಕೆ ಮಾತ್ರ ನುಣುಚಿಕೊಳ್ಳುವ ಉತ್ತರ ಕೊಡಲಾಗದು. ಹೊಂದಿಕೊಂಡು ಹೋಗು ಎಂಬ ಉಪದೇಶ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಹೊಡೆಯುವ ಗಂಡನ ವಿಷಯದಲ್ಲೂ ಅದನ್ನೇ ಹೇಳಿ ಕಳಿಸಿದವರು ನಾವು. ಸಡಿಲತೆಯ ಪಾಠವೂ ಕೊನೆಗೆ ಅವಳ ಹೆಗಲಿಗೇ ಬೀಳುವುದಿಲ್ಲವೇ? ಬೀಳುತ್ತದೆ, ಮನೆಯ ಮಿಕ್ಕವರು ಸುಮ್ಮನಿದ್ದರೆ. ಆದ್ದರಿಂದ ಎರಡು ಗೆರೆ ಎಳೆಯಲೇಬೇಕು. ಕೈ ಎತ್ತುವುದು, ಬೆದರಿಸುವುದು ಶುರುವಾದಲ್ಲಿ ಈ ಲೇಖನದ ತರ್ಕ ಮುಗಿಯಿತು. ಅಲ್ಲಿ ಬೇಕಾದದ್ದು ಸುರಕ್ಷತೆ, ತುರ್ತು ಚಿಕಿತ್ಸೆ, ಕಾನೂನು. ಇನ್ನೊಂದು ಗೆರೆ: ಹೊಂದಿಕೊಳ್ಳುವುದು ಎಂದರೆ ಮತ್ತಷ್ಟು ಸಹಿಸುವುದು ಎಂಬ ಅರ್ಥವನ್ನು ಈ ಸಂಶೋಧನೆ ಎಲ್ಲೂ ಹೇಳುವುದಿಲ್ಲ. ಅದು ಹೇಳುವುದು ಹೆಚ್ಚುಕಡಿಮೆ ಉಲ್ಟಾ. ಆರೈಕೆ ಮಾಡುವವಳು ವಾರದಲ್ಲಿ ಕೆಲವು ಹೊತ್ತು ಮನೆಯಿಂದ ಹೊರಗಿದ್ದರೆ, ಅವಳಿಗೆ ಅವಳದೇ ಕೆಲಸ, ಸ್ನೇಹ, ನಿದ್ದೆ ಇದ್ದರೆ, ರೋಗಿಗೂ ಒಳ್ಳೆಯದು.

ಆ ಹೊತ್ತು ಎಲ್ಲಿಂದ ಬರಬೇಕು ಎಂಬಲ್ಲಿಗೆ ವಿಷಯ ಮನೆಯ ಹೊಸ್ತಿಲು ದಾಟುತ್ತದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲೂ ಶೇ 70ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ. ಔಷಧವೇ ತಲುಪದ ಮನೆಗೆ ಮಾತಿನ ದನಿ ತಗ್ಗಿಸಿ ಎಂದು ಹೇಳುವುದು ಅರ್ಧ ಸಲಹೆ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಮನೆಯವರೂ ಕರೆ ಮಾಡಿ ಮಾತಾಡಬಹುದು. ಇದು ಒಂದು ಮೆಟ್ಟಿಲು. ಆದರೆ ಫೋನಿನಲ್ಲಿ ಸಿಕ್ಕುವ ಸಾಂತ್ವನ ದಿನದ ಐದಾರು ಗಂಟೆಯನ್ನು ಬಿಡಿಸಿಕೊಡಲಾರದು. ರೋಗಿ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಹಗಲು ಆರೈಕೆ ಕೇಂದ್ರ ಬೆಂಗಳೂರಿನಂಥ ಊರಲ್ಲಿ ಹುಡುಕಿದರೆ ಸಿಕ್ಕೀತು. ತಾಲ್ಲೂಕು ಕೇಂದ್ರದಲ್ಲಿರುವ ಕುಟುಂಬ ಅದಕ್ಕಾಗಿ ಯಾರ ಬಾಗಿಲು ತಟ್ಟಬೇಕು? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಸರ್ಕಾರ ಒದಗಿಸಬೇಕಾದ ಸೇವೆಗಳನ್ನು ಹೆಸರಿಸುತ್ತದೆ. ಆಸ್ಪತ್ರೆಯ ಚಿಕಿತ್ಸೆಯ ಜತೆಗೆ, ಮಾನಸಿಕ ಕಾಯಿಲೆ ಇರುವವರ ಕುಟುಂಬಕ್ಕೆ ಬೆಂಬಲ ನೀಡುವ ಸೇವೆಯೂ ಅದೇ ಪಟ್ಟಿಯಲ್ಲಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಾಧನೆಯನ್ನು ಎಷ್ಟು ಹೊರರೋಗಿಗಳನ್ನು ನೋಡಿದರು, ಎಷ್ಟು ಮಾತ್ರೆ ಕೊಟ್ಟರು ಎಂದು ಎಣಿಸುವಾಗ, ಎಷ್ಟು ತಾಯಂದಿರಿಗೆ, ಹೆಂಡಂದಿರಿಗೆ ವಾರಕ್ಕೆ ಎಷ್ಟು ಗಂಟೆ ಬಿಡುವು ಸಿಕ್ಕಿತು ಎಂಬ ಇನ್ನೊಂದು ಕಾಲಂ ಸೇರಿಸಲು ಆ ಕಾಯ್ದೆಗೆ ತಿದ್ದುಪಡಿಯೇನೂ ಬೇಕಿಲ್ಲ.